ನೊಗ ಬಿಚ್ಚಿದ ಯಂತ್ರ

ಎಂಬತ್ತರ ದಶಕದ ಕೊನೆಯಲ್ಲಿ ಗಂಗಾವತಿಯ ನಮ್ಮ ಕಾಲುವೆ ಕಚೇರಿಗೆ ಒಂದು ಕಂಪ್ಯೂಟರ್ ಬಂತು. ನಾನಾಗ ಅಲ್ಲಿ ದಿನಗೂಲಿ ಗುಮಾಸ್ತ, ಬಿ.ಎಸ್ಸಿ. ಪಾಸಾದವನು. ಯಲಬುರ್ಗಾ ಕಡೆಯ ನಮ್ಮ ಮನೆಯಲ್ಲಿ ನನಗಿಂತ ಮೊದಲು ಶಾಲೆಯ ಕಟ್ಟೆ ಹತ್ತಿದವರೇ ಇರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಈಗಲೂ ಸಂಕೋಚವಿಲ್ಲ.

ಯಂತ್ರವನ್ನು ನಡೆಸುತ್ತಿದ್ದದ್ದು ಯುನಿಕ್ಸ್ ಮಾದರಿಯ ಒಂದು ಸಣ್ಣ ವ್ಯವಸ್ಥೆ. ಬಣ್ಣವಿಲ್ಲ, ಚಿತ್ರವಿಲ್ಲ, ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ. ಟೈಪು ಮಾಡಿದ ಆಜ್ಞೆ ಸರಿಯಿದ್ದರೆ ತುಟಿ ಪಿಟಕ್ಕೆನ್ನದೆ ಕೆಲಸ ಮಾಡುತ್ತಿತ್ತು, ತಪ್ಪಿದರೆ ಮಾತ್ರ ಒಂದು ಸಾಲು ಬೈಯುತ್ತಿತ್ತು. ಉಳಿದವರು ಅದರತ್ತ ಸುಳಿಯಲಿಲ್ಲ. ಅದರ ದಪ್ಪ ಪುಸ್ತಕವನ್ನು ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಓದಿ ನಾನೊಬ್ಬನೇ ಕಲಿತೆ. ಬರಬರುತ್ತ ಅದೇ ನನ್ನ ಮೇಜಾಯಿತು. ಪತ್ರ, ಅರ್ಜಿ, ದಿನಚರಿ ಎಲ್ಲವೂ ಅದರಲ್ಲೇ. ನನ್ನ ಹೆಸರಿನದೊಂದು ಖಾತೆ, ಅದಕ್ಕೊಂದು ಗುಟ್ಟಿನ ಪದ. ಬಾಡಿಗೆ ಕೋಣೆಯ ಟ್ರಂಕು ಬಿಟ್ಟರೆ ನನ್ನದು ಅಂತ ಇದ್ದದ್ದು ಅದೊಂದೇ.

ಸಾಹೇಬರು ಒಂದು ಕೆಲಸ ಒಪ್ಪಿಸಿದ್ದರು: ಕಾಲುವೆಯ ಯಾವ ತೂಬಿನಿಂದ ಯಾರ ಗದ್ದೆಗೆ ನೀರು ಹೋಗುತ್ತದೆ ಎಂಬ ಪಟ್ಟಿ. ದಸರೆ ಕಳೆದ ಮೇಲೆ ಮೇಲಿನ ಸಾಹೇಬರಿಗೆ ತೋರಿಸಬೇಕು. ಅವರು ಮೆಚ್ಚಿದರೆ ನನ್ನ ನೌಕರಿ ಕಾಯಂ. ನಾಲ್ಕು ತಿಂಗಳು ಕೂತು ತುಂಬಿದೆ. ಪ್ರತಿ ತೆಗೆದಿಡಲು ಫ್ಲಾಪಿ ಕೇಳಿದರೆ ಸಿಗಲಿಲ್ಲ. ಫ್ಲಾಪಿಗಳ ಹೊಸ ಡಬ್ಬಿ ಸಾಹೇಬರ ಕಪಾಟಿನಲ್ಲಿ ಒಡೆಯದೆ ಭದ್ರವಾಗಿತ್ತು.

ದಸರೆಯ ಖಂಡೆ ಪೂಜೆ, ಅಂದರೆ ಆಯುಧಪೂಜೆಯ ಬೆಳಿಗ್ಗೆ ಅಪ್ಪ ಊರಿಂದ ಬಂದ. ಮಗನ ಯಂತ್ರ ನೋಡಬೇಕಿತ್ತು ಅವನಿಗೆ. ಅದಕ್ಕೆಂದೇ ಕಾಯಿ, ಕುಂಕುಮ, ಚೆಂಡುಹೂವಿನ ಮಾಲೆ ತಂದಿದ್ದ. ನಾನು ಪಟ್ಟಿಯ ಕೊನೆಯ ಹೆಸರುಗಳನ್ನು ತುಂಬುತ್ತಿದ್ದೆ. ಅವನನ್ನು ಅಲ್ಲೇ ಕೂರಿಸಿ, ಪೂಜೆಗೆ ಸಾಹೇಬರನ್ನು ಕರೆಯಲು ಹೋದೆ. ಬರುವಷ್ಟರಲ್ಲಿ ಪರದೆ ಕಪ್ಪಗಾಗಿತ್ತು. ಗೋಡೆಯ ಸ್ವಿಚ್ ಆರಿಸಿ, ಅಪ್ಪ ಯಂತ್ರದ ನೆತ್ತಿಗೆ ಕುಂಕುಮ ಹಚ್ಚುತ್ತಿದ್ದ.

“ಹೆಗಲ ಮ್ಯಾಲ ನೊಗ ಇಟ್ಟು ಎತ್ತಿಗೆ ಪೂಜಿ ಮಾಡ್ತಾರೇನೋ ತಮ್ಮಾ?” ಅಂದ. “ದಣದಿತ್ತು. ಬಿಚ್ಚೀನಿ.”

ಹಾಗೆ ಆರಿಸಬಾರದು, ಮೊದಲು ಬರೆದದ್ದನ್ನೆಲ್ಲ ಡಿಸ್ಕಿಗೆ ಇಳಿಸುವ ಆಜ್ಞೆ ಕೊಡಬೇಕು ಎಂದು ನಾನು ಅವನಿಗೆ ಹೇಳಿರಲೇ ಇಲ್ಲ. ಮತ್ತೆ ಚಾಲೂ ಮಾಡಿದೆ. ನಡುವೆ ಕರೆಂಟು ಕಡಿದದ್ದಕ್ಕೆ ಡಿಸ್ಕಿನಲ್ಲಿದ್ದ ಹಳೆಯ ಬರಹವೂ ಕೆಟ್ಟಿತ್ತು. ಯಂತ್ರ ತನ್ನನ್ನು ತಾನೇ ತಪಾಸಣೆ ಮಾಡಿಕೊಳ್ಳುತ್ತ, ಮುರಿದ ಒಂದೊಂದು ತುಂಡಿಗೂ ತೆಗೆದುಹಾಕಲೇ ಎಂದು ಕೇಳಿತು. ಬೇರೆ ದಾರಿಯಿಲ್ಲದೆ ಹೌದು ಎನ್ನುತ್ತ ಹೋದೆ. ಮುಗಿದಾಗ ನನ್ನ ಖಾತೆ ಬರಿದಾಗಿತ್ತು. ಬೇರೊಂದು ಮೂಲೆಯಲ್ಲಿ ಒಂದಿಷ್ಟು ಚೂರುಗಳು ಬಿದ್ದಿದ್ದವು, ಕಡತದ ಹೆಸರು ಹೋಗಿ ಬರೀ ಅಂಕಿ ಉಳಿದಂಥವು. ಪಟ್ಟಿ ಅವುಗಳಲ್ಲಿ ಇರಲಿಲ್ಲ.

ಅಷ್ಟರಲ್ಲಿ ಪೂಜೆಗೆಂದು ಬಂದ ಸಾಹೇಬರು ಬೆನ್ನ ಹಿಂದೆ ನಿಂತು ಎಲ್ಲ ನೋಡಿದರು. “ಯಾರಿಂವಾ?” ಎಂದು ಅಪ್ಪನತ್ತ ಬೆರಳು ಮಾಡಿದರು.

“ಯಾರೋ ಹಳ್ಳಿಯಾಂವ ರೀ ಸಾಹೇಬ್ರ,” ಅಂದೆ. “ನೀರಿನ ಅರ್ಜಿ ಹಿಡಕೊಂಡು ಬಂದಾನ.”

ಅಪ್ಪ ನನ್ನ ಮುಖ ನೋಡಿದ. ಆಮೇಲೆ ಸಾಹೇಬರಿಗೆ ಕೈ ಮುಗಿದ. “ಹೌದ್ರಿ ಯಪ್ಪಾ, ಅರ್ಜಿ ಕೊಡಾಕ ಬಂದಿದ್ದೆ. ತಪ್ಪಾತ್ರಿ.”

ಜವಾನ ಅವನ ತೋಳು ಹಿಡಿದು ಹೊರಗೆ ನಡೆಸಿದ. ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಕಾಯಿ ಒಡೆಯದೆ ಮೇಜಿನ ಮೇಲೇ ಉಳಿಯಿತು.

ನೌಕರಿ ಕಾಯಂ ಆಗಲಿಲ್ಲ. ಕಪಾಟಿನ ಫ್ಲಾಪಿಗಳ ಬಗ್ಗೆ ಯಾರೂ ಕೇಳಲಿಲ್ಲ. ಅಷ್ಟು ಕಷ್ಟಪಟ್ಟು ಓದಿ ಸಂಪಾದಿಸಿದ ಪದವಿ ನನ್ನ ಬಾಯಿಂದ ಅಂದು ಆಡಿಸಿದ್ದು ಆ ಎರಡು ಮಾತು.

ಅಪ್ಪ ಮತ್ತೆ ಗಂಗಾವತಿಗೆ ಬರಲಿಲ್ಲ, ಆ ದಿನದ ಮಾತನ್ನು ಒಮ್ಮೆಯೂ ಎತ್ತಿ ಆಡಲಿಲ್ಲ. ಊರಲ್ಲಿ ಯಾರಾದರೂ, ನಿನ್ನ ಮಗನ ಯಂತ್ರ ಹೆಂಗೈತಿ ಎಂದು ಕೇಳಿದರೆ ನನ್ನ ಎದುರಿಗೇ ಹೇಳುತ್ತಿದ್ದ:

“ನಾ ಎಲ್ಲಿ ನೋಡೀನಿ.”