ಬೆಳ್ಳಕ್ಕನ ಹಳದಿ ಚಾದರ

ಬೆಳ್ಳಕ್ಕನಿಗೆ ಆ ಹೆಸರು ಮೈಬಣ್ಣದಿಂದ ಬಂದದ್ದಲ್ಲ. ಆ ಮಾತೆತ್ತಿದರೆ ಆಕೆಯೇ ಮೊದಲು ನಗುತ್ತಾಳೆ. ಇಪ್ಪತ್ತೆರಡು ವರ್ಷ ಊರವರ ಬಿಳಿ ಬಟ್ಟೆ ಒಗೆದು, ಬೆವರಿಳಿಸಿ ಗಳಿಸಿದ ಬಿರುದು ಅದು. ಅಂಥವಳ ಲಾಂಡ್ರಿ ಹೊಸ ಶೆಡ್ಡಿಗೆ ಬಂದು ತಿಂಗಳಾಗಿರಲಿಲ್ಲ, ನರ್ಸಿಂಗ್ ಹೋಮಿನ ಹೆಡ್ ನರ್ಸ್ ಚಾದರವೊಂದನ್ನು ಹಿಡಿದು ಬಾಗಿಲಲ್ಲಿ ನಿಂತರು.

“ಏನ್ರೀ ಬೆಳ್ಳಕ್ಕ, ರೋಗಿ ಮಲಗೋ ಮುಂಚೇನೇ ಚಾದರಕ್ಕೆ ಕಾಮಾಲೆ ಬಂದಿದೆಯಲ್ಲ! ಶನಿವಾರದ ಗಂಟೂ ಹೀಗೇ ಬಂದ್ರೆ ಬೇರೆಯವರಿಗೆ ಕೊಡ್ತೀವಿ. ಬೇಜಾರು ಮಾಡ್ಕೋಬೇಡಿ.”

ನರ್ಸಿಂಗ್ ಹೋಮ್ ಕೈಬಿಟ್ಟರೆ ಉಳಿಯುವುದು ನಾಲ್ಕು ಮನೆಯ ಅಂಗಿಗಳು ಮತ್ತು ಗಂಡನ ಇಸ್ತ್ರಿಪೆಟ್ಟಿಗೆ. ಬೆಳ್ಳಕ್ಕ ಸೆರಗು ಸಿಕ್ಕಿಸಿ, ಹಳೇ ಚಾದರವೊಂದಕ್ಕೆ ಬ್ಲೀಚನ್ನು ಇಮ್ಮಡಿ ಸುರಿದಳು. ಹಳದಿಯೂ ಇಮ್ಮಡಿಯಾಯಿತು.

“ಥೇಟ್ ನಿನ್ನ ಕೋಪ ಕಣೇ,” ಎಂದ ಗಂಡ. “ಇಳಿಸೋಕೆ ಹೋದಷ್ಟೂ ಏರುತ್ತೆ.”

“ನೀವು ಇಸ್ತ್ರಿ ನೋಡ್ಕೊಳ್ಳಿ. ಅಲ್ಲಿ ಕಾಲರಿಂದ ಹೊಗೆ ಬರ್ತಿದೆ!”

ಬುಧವಾರ ಅಂಗಿ ಒಯ್ಯಲು ಬಂದ ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು ಚಾದರವನ್ನು ನೋಡಿ ಕೇಳಿದರು, “ನೀರೆಲ್ಲಿಂದಮ್ಮ?”

“ಇಲ್ಲಿಯ ಬೋರ್‌ವೆಲ್ಲು ಸಾರ್. ಕನ್ನಡಿ ಹಾಗಿದೆ.”

ಮೇಷ್ಟ್ರು ಎರಡು ಲೋಟ ಆ ನೀರು ಹಿಡಿಸಿ, ಒಂದಕ್ಕೆ ನಾಲ್ಕು ಹನಿ ಬ್ಲೀಚ್ ಬಿಟ್ಟರು. ನೋಡನೋಡುತ್ತ ಅದು ತಿಳಿ ಚಹಾ ಆಯಿತು. ಬೆಳ್ಳಕ್ಕ ಲೋಟಕ್ಕೆ ಬಗ್ಗಿ ನೋಡಿದಳು.

“ನೆಲದಾಳದಲ್ಲಿ ಗಾಳಿ ಇಲ್ಲ,” ಎಂದರು ಮೇಷ್ಟ್ರು. “ ಅಲ್ಲಿ ಕಬ್ಬಿಣ ಎರಡು ಎಲೆಕ್ಟ್ರಾನ್ ಕಳ್ಕೊಂಡು, ನೀರಲ್ಲಿ ಕರಗಿ, ಕಣ್ಣಿಗೆ ಬೀಳದೆ ಇರುತ್ತೆ. ಗಾಳಿ ಸೋಕಿದ್ರೆ ಮೂರನೇದೂ ಹೋಗುತ್ತೆ. ಆಮೇಲೆ ಕರಗಿರೋಕಾಗಲ್ಲ, ತುಕ್ಕಾಗಿ ಹೊರಗೆ ಬೀಳುತ್ತೆ. ನಿಮ್ಮ ಬ್ಲೀಚು ಅದೇ ಕೆಲಸಾನ ಇನ್ನೂ ಬೇಗ ಮಾಡುತ್ತೆ, ಅದೂ ಚಾದರದ ಮೇಲೇ.”

“ಮದುವೆ ಆದ್ಮೇಲೆ ನಾನು ಕಳ್ಕೊಂಡಿದ್ರ ಮುಂದೆ ಆ ಮೂರು ಯಾವ ಲೆಕ್ಕ ಸಾರ್?” ಎಂದು ಗಂಡ ನಿಟ್ಟುಸಿರುಬಿಟ್ಟ.

ಬೆಳ್ಳಕ್ಕನಿಗೆ ಅದು ಕೇಳಿಸಲೇ ಇಲ್ಲ. “ಹಾಗಾದ್ರೆ ಸಾರ್, ಚಾದರ ಮುಳುಗಿಸೋ ಮುಂಚೇನೇ ಆ ಕಬ್ಬಿಣ ಮೂರನೇದನ್ನ ಕಳ್ಕೊಂಡು ಬೀಳಲಿ ಬಿಡಿ!”

ಮೇಷ್ಟ್ರು ಅವಳನ್ನೇ ದಿಟ್ಟಿಸಿದರು. “ನನ್ನ ಕ್ಲಾಸಲ್ಲಿ ನೀವಿರ್ಬೇಕಿತ್ತು.”

ಗಂಡ ಹಳೇ ಎಣ್ಣೆ ಡಬ್ಬದ ತಳಕ್ಕೆ ಮೊಳೆ ಬಡಿದು ನೂರು ತೂತು ಮಾಡಿದ. ಡಬ್ಬ ತೊಟ್ಟಿಯ ಮೇಲೇರಿತು. ನೀರು ಗಾಳಿ ಕುಡಿಯುತ್ತ ಸಣ್ಣ ಧಾರೆಗಳಾಗಿ ತೊಟ್ಟಿಗಿಳಿಯಿತು. ಗುರುವಾರವಿಡೀ ಅದನ್ನು ಯಾರೂ ಕದಡಲಿಲ್ಲ. ಶುಕ್ರವಾರ ಬೆಳಗ್ಗೆ ತಳದಲ್ಲಿ ಇಟ್ಟಿಗೆ ಬಣ್ಣದ ಕೆಸರು ಕೂತಿತ್ತು. ಬೆಳ್ಳಕ್ಕ ಮೇಲಿನ ತಿಳಿಯನ್ನು ಮರಳಿನಲ್ಲಿ ಸೋಸಿ, ಒಂದು ಲೋಟಕ್ಕೆ ನಾಲ್ಕು ಹನಿ ಬ್ಲೀಚ್ ಬಿಟ್ಟಳು. ನೂರರ ತನಕ ಎಣಿಸಿದಳು. ಬಣ್ಣ ಬರಲಿಲ್ಲ. ಆಮೇಲೆಯೇ ಗಂಟು ಬಿಚ್ಚಿದಳು.

ಶನಿವಾರ ಹೆಡ್ ನರ್ಸ್ ಚಾದರವನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಿರುಗಿಸಿ ನೋಡಿದರು. ಬೆಳ್ಳಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನರ್ಸ್ ಒಮ್ಮೆ ಚಾದರ, ಒಮ್ಮೆ ತಮ್ಮ ಬಿಳಿ ಕೋಟಿನ ತೋಳು ನೋಡಿ, ಕೋಟು ಕಳಚಿ ಅವಳ ಕೈಗಿತ್ತರು.

“ಈ ಚಾದರದ ಪಕ್ಕ ನಿಲ್ಲೋಕೆ ನನಗೇ ನಾಚಿಕೆ. ಸೋಮವಾರದ ಗಂಟಿನ ಜತೆ ಈ ಕೋಟನ್ನೂ ಒಗೆದು ತನ್ನಿ.”