ಇಪ್ಪತ್ತನಾಲ್ಕು ವೋಲ್ಟ್

ಟಕ್ ಎಂದು ಪವರ್ ಸಪ್ಲೈ ಮತ್ತೆ ಆಫ್ ಆಯಿತು. ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ ಅಕ್ಕ ಅದಕ್ಕೆ ಜೋಡಿಸಿದ್ದ ಲೋಹದ ಪೆಟ್ಟಿಗೆಯನ್ನು ಮುಟ್ಟಿ ನೋಡಿದಳು. ಇನ್ನೂ ಉಗುರುಬೆಚ್ಚಗೂ ಆಗಿರಲಿಲ್ಲ. ಗುಜರಿಯಿಂದ ತಂದ ರುಬಿಡಿಯಂ ಪರಮಾಣು ಗಡಿಯಾರ ಅದು. ಒಳಗಿನ ದೀಪ ಕಾದು ಹದಕ್ಕೆ ಬಂದರೆ ಮಾತ್ರ ಅದರ ಮಿಡಿತ ನಿಖರವಾಗುತ್ತದೆ. ಅದಕ್ಕೆ ಇನ್ನೂ ಜೀವವಿದೆಯೇ ಎಂದು ತಿಳಿಯಲು ವಾರವಿಡೀ ಹೆಣಗಿದ್ದಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದಾಗಲೂ ಯಾವ ಲೈನನ್ನೂ ಸತ್ತಿತೆಂದು ಕೈಬಿಟ್ಟವಳಲ್ಲ.

"ಊಟಕ್ಕೆ ಕರೆದು ಗಂಟೆ ಆಯ್ತು. ನಿನಗ್ಯಾಕೇ ಅಕ್ಕ ಅಷ್ಟು ಸರಿಯಾದ ಗಡಿಯಾರ?" ತಂಗಿ ಬಾಗಿಲಿಗೆ ಒರಗಿ ಕೇಳಿದಳು.

"ಏಳುವಾಗ ಇದಕ್ಕೆ ಕುಂಭಕರ್ಣನ ಹಸಿವು ಕಣೇ. ಬೆಚ್ಚಗಾದ್ಮೇಲೆ ಒಂದು ತುತ್ತು ಸಾಕು. ಈ ಸಪ್ಲೈಗೆ ಆ ಮೊದಲ ಹಸಿವು ತೀರಿಸೋ ತಾಕತ್ತಿಲ್ಲ."

"ಹಾಗಾದ್ರೆ ಬಿಟ್ಹಾಕು."

"ಬಿಡೋದಾ? ಇದಕ್ಕೆ ಇಪ್ಪತ್ತನಾಲ್ಕು ವೋಲ್ಟ್ ಬೇಕು. ಒಂದು ಸ್ಕೂಟರ್ ಬ್ಯಾಟರಿ ಹನ್ನೆರಡು ಕೊಡುತ್ತೆ. ನಂದು ಬಿಚ್ಚಿ ತಂದಿದೀನಿ."

ತಂಗಿ ಮೇಜಿನತ್ತ ನೋಡಿದಳು. "ಒಂದೇ ಇದೆಯಲ್ಲ. ಇನ್ನೊಂದು?"

ಅಕ್ಕ ಸ್ಪ್ಯಾನರ್ ಎತ್ತಿಕೊಂಡಳು. "ನಿನ್ನ ಗಾಡಿ ಗೇಟಿನ ಹತ್ರಾನೇ ಇದೆಯಾ?"

"ನೋಡಕ್ಕಾ, ಸಂಜೆ ನಾನು ಪೇಟೆಗೆ ಹೋಗ್ಬೇಕು. ಈಗಲೇ ಹೇಳ್ತಿದೀನಿ, ನೀನೇನಾದ್ರೂ..."

ತಂಗಿಯ ಮಾತು ಮುಗಿಯುವ ಮೊದಲೇ ಅಕ್ಕ ಅವಳನ್ನು ದಾಟಿ ಗೇಟಿನತ್ತ ನಡೆದಿದ್ದಳು.