ಅಕ್ಕನ ಕಾಲಿನ ದೂರು

ನಮ್ಮಜ್ಜಿಯ ನಾಲಿಗೆಗೆ ಹೆದರದವರು ವಳಕಮದಿನ್ನಿಯಲ್ಲಿ ಇರಲಿಲ್ಲ, ನಮ್ಮಕ್ಕನೊಬ್ಬಳನ್ನು ಬಿಟ್ಟು. ಅಕ್ಕ ಹತ್ತು ವರ್ಷದವರೆಗೆ ಊರೆಲ್ಲ ತಿರುಗಿದವಳು. ಆಮೇಲೆ ಕಾಲಿನ ಬಲ ಕಡಿಮೆಯಾಗುತ್ತ ಬಂದು, ಹದಿನಾರಕ್ಕೆ ಕಟ್ಟೆಯ ಮೇಲೆ ಕೂತೇಬಿಟ್ಟಳು. ಕೂತಲ್ಲಿಂದಲೇ ಮನೆ ಆಳುತ್ತಿದ್ದಳು. ಭತ್ತದ ನಾಟಿಗೆ ಹೋಗುವ ಹೆಂಗಸರು ಅವಳ ಹತ್ತಿರ ಒಂದು ಗಳಿಗೆ ನಿಂತು, ಬೈಸಿಕೊಂಡು, ನಗುತ್ತ ಹೋಗುತ್ತಿದ್ದರು.

ಅಜ್ಜಿ ಮಾತ್ರ ದೂರನ್ನೆಲ್ಲ ಅವ್ವನ ಮೇಲೆ ಹಾಕಿದ್ದಳು. ಬಸುರಿದ್ದಾಗ ಅವ್ವ ಗ್ರಹಣದ ಹೊತ್ತಿನಲ್ಲಿ ಅಂಗಳಕ್ಕೆ ಬಂದಿದ್ದಳಂತೆ, ಅದಕ್ಕೇ ಹುಡುಗಿಯ ಕಾಲು ಹೋದವಂತೆ. ಬಂದವರ ಮುಂದೆಲ್ಲ ಇದೇ ಪುರಾಣ. ಅವ್ವ ಹೊಲಿಗೆ ಮಷೀನು ತುಳಿಯುತ್ತ ಕೇಳುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವತ್ತು ಹೊರಗೆ ಬಂದದ್ದು ಖರೆ ಆದದ್ದರಿಂದ ಅವ್ವನೂ ಅದನ್ನೇ ನಂಬಿಬಿಟ್ಟಿದ್ದಳು.

ತೊಂಬತ್ತರ ದಶಕದ ಕೊನೆಗೆ ಅಕ್ಕನನ್ನು ಸಿಂಧನೂರಿನಿಂದ ಬಸ್ಸು ಹತ್ತಿಸಿ ಹೈದರಾಬಾದಿನ ದೊಡ್ಡ ದವಾಖಾನೆಗೆ ಕರೆದೊಯ್ದೆವು. ಅಲ್ಲಿನ ಡಾಕ್ಟರಮ್ಮ ಮೊದಲು ಕೇಳಿದ್ದೇ, ಮದುವೆಗೆ ಮುಂಚೆ ಅವ್ವನಿಗೆ ಗಂಡ ಏನಾಗಬೇಕಿತ್ತು ಎಂದು. ಅವ್ವ ನಾಚುತ್ತ, ತನ್ನ ತಾಯಿಯ ತಮ್ಮ ಎಂದಳು. ನಮ್ಮ ಕಡೆ ಹುಡುಗಿಯ ಮೇಲೆ ಮೊದಲ ಹಕ್ಕು ಸೋದರಮಾವನದು. ಹಾಗಾಗಿ ಅಜ್ಜಿ ನಮ್ಮವ್ವನಿಗೆ ಅತ್ತೆಯೂ ಹೌದು, ತಾಯಿಯ ತಾಯಿಯೂ ಹೌದು.

ಅವ್ವ ಕುಪ್ಪಸ ಹೊಲಿಯುವವಳೆಂದು ತಿಳಿದು ಡಾಕ್ಟರಮ್ಮ ಹೊಲಿಗೆಯ ಮಾತಲ್ಲೇ ಬಿಡಿಸಿ ಹೇಳಿದರು. ಮೈಯ ಪ್ರತಿ ಜೀವಕೋಶದಲ್ಲೂ, ಏನೇನು ತಯಾರಿಸಬೇಕೆಂದು ಹೇಳುವ ಉದ್ದನೆಯ ಸಂದೇಶಗಳಿಂದ ಬೇಡದ್ದನ್ನು ಕತ್ತರಿಸಿ, ಬೇಕಾದ್ದನ್ನು ಜೋಡಿಸುವ ಯಂತ್ರಗಳಿವೆ. ಆ ಯಂತ್ರದ ಭಾಗಗಳನ್ನು ಕೂಡಿಸಿಕೊಡುವ ಒಂದು ಪ್ರೋಟೀನು ಅಕ್ಕನ ಮೈಯಲ್ಲಿ ಸಾಕಷ್ಟು ತಯಾರಾಗುವುದಿಲ್ಲ. ಅದು ಕಡಿಮೆಯಾದರೆ ಬೆನ್ನುಹುರಿಯಲ್ಲಿ ಕೈಕಾಲು ಆಡಿಸುವ ನರಗಳು ಸೊರಗುತ್ತವೆ. ಬೇಳೆ, ತತ್ತಿ ತಿನ್ನಿಸಿದರೆ ಬರುವಂಥದ್ದಲ್ಲ ಅದು. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ದೋಷ ಕೂಡಿದರೆ ಮಾತ್ರ ಮಗುವಿಗೆ ಈ ಕಾಯಿಲೆ. ಇಬ್ಬರಿಗೂ ಅದು ಒಂದೇ ಮನೆಯಿಂದ, ಅಜ್ಜಿಯಿಂದಲೋ ತಾತನಿಂದಲೋ ಇಳಿದು ಬಂದಿರಬೇಕು ಎಂದರು.

“ಹಂಗಾರ ಗ್ರಾಣದ್ದಲ್ಲೇನ್ರೀ?” ಅವ್ವ ಕೇಳಿದಳು.

ಗ್ರಹಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎಂದರು ಡಾಕ್ಟರಮ್ಮ. ಇದಕ್ಕೆ ಔಷಧಿ ಇಲ್ಲವೆಂದೂ ಹೇಳಿದರು. ಆದರೂ ವಾಪಸು ಬರುವ ಬಸ್ಸಿನಲ್ಲಿ ಅವ್ವ ಅಕ್ಕನ ಭುಜಕ್ಕೊರಗಿ ಗೊರಕೆ ಹೊಡೆದಳು. ಅಕ್ಕ ಅದನ್ನು ಅಣಕಿಸಿ ತೋರಿಸಿ ನನ್ನನ್ನು ನಗಿಸುತ್ತಲೇ ಬಂದಳು.

ನಾನು ಚಪ್ಪಲಿ ಬಿಡುವ ಮೊದಲೇ ಎಲ್ಲವನ್ನೂ ಅಜ್ಜಿಯ ಮುಂದೆ ಒದರಿಬಿಟ್ಟೆ. ತಾತ ತೀರಿಹೋಗಿ ಎಷ್ಟೋ ವರ್ಷಗಳಾಗಿದ್ದವು. ಗೋಡೆಯ ಫೋಟೋದೊಳಗಿದ್ದವನು ಆ ದೋಷ ತನ್ನದಲ್ಲವೆನ್ನಲು ಬರುತ್ತಾನೆಯೇ? ಅಜ್ಜಿ ಅವನ ಮೇಲೆ ಹಾಕಿ ಪಾರಾಗುತ್ತಾಳೆಂದೇ ಕಾದು ನಿಂತೆ, ಜಗಳಕ್ಕೂ ತಯಾರಾಗಿದ್ದೆ. ಅಜ್ಜಿ ಬಹಳ ಹೊತ್ತು ಆ ಫೋಟೋ ನೋಡಿದಳು. ಆಮೇಲೆ ಅವ್ವನ ಕೈ ಹಿಡಿದಳು.

“ನನ್ನ ಕಡಿಂದನ ಬಂದೈತಿ ಅನ್ಕೋ ಬೇ. ಇಷ್ಟು ವರ್ಷ ನಿನ್ನ ಸುಮ್ಮಸುಮ್ಮನ ಅಂದೆ.”

ಅವ್ವ ಅತ್ತಳು. ನಾನೂ ಅತ್ತೆ. ಅಕ್ಕ ಬಿಡಬೇಕಲ್ಲ!

“ಹಂಗಾರ ಇನ್ನ ಮ್ಯಾಲ ನೀನ ನನ್ನ ಹೊತ್ಕೊಂಡು ತಿರುಗು, ಮುದುಕಿ.”

ಎಪ್ಪತ್ತು ದಾಟಿದ ಅಜ್ಜಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಟ್ಟೆಗೆ ಬೆನ್ನು ಮಾಡಿ ನಿಜಕ್ಕೂ ಬಗ್ಗಿ ನಿಂತಳು. ಅಕ್ಕ ಅವಳ ಕೊರಳಿಗೆ ಕೈ ಹಾಕಿದ್ದೇ ತಡ, ಇಬ್ಬರೂ ಅಲ್ಲೇ ಕುಸಿದು ಕೂತರು. ಅತ್ತೆಯ ಮುಂದೆ ಎಂದೂ ದನಿ ತೆಗೆದು ನಗದಿದ್ದ ಅವ್ವ, ಅವತ್ತು ಹೊಟ್ಟೆ ಹಿಡಿದುಕೊಂಡು ನಕ್ಕಳು.